ಮನೆತನದ ಹಳೇ ಪತ್ರಗಳನ್ನು ಪುಸ್ತಕ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದ ಮೇಲಿನ ಟ್ರಂಕು, ದೇವರ ಕೋಣೆಯ ಮರದ ಪೆಟ್ಟಿಗೆ, ಊರಲ್ಲಿರುವ ಚಿಕ್ಕಪ್ಪನ ಮನೆಯ ಬೀರು. ಒಂದು ಮನೆತನದ ನೂರು, ನೂರೈವತ್ತು ವರ್ಷದ ಕಾಗದಪತ್ರ ನಮ್ಮಲ್ಲಿ ಸಿಗುವುದು ಇಂಥ ಜಾಗಗಳಲ್ಲೇ. ಅದನ್ನು ಪುಸ್ತಕ ಮಾಡಬೇಕು ಅಂತ ಹೊರಟವರಿಗೆ ಬರುವ ಅನುಮಾನಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ನಡುನಡುವೆ ಅಮೆರಿಕದ ಆಡಮ್ಸ್ ಮನೆತನದ ಮಾತು ಬರುತ್ತದೆ. ಒಂದು ಮನೆಯ ಪತ್ರಗಳನ್ನು ತಿದ್ದಿ ಅಚ್ಚು ಹಾಕಿದರೆ ಏನಾಗುತ್ತದೆ, ತಿದ್ದದೆ ಹಾಕಿದರೆ ಏನಾಗುತ್ತದೆ ಅನ್ನೋದು ಎರಡೂ ಆ ಒಂದೇ ಮನೆಯ ಕತೆಯಲ್ಲಿ ಕಾಣುತ್ತದೆ.

ನಮ್ಮದು ರಾಜಮನೆತನ ಅಲ್ಲ, ದಿವಾನರ ವಂಶವೂ ಅಲ್ಲ. ನಮ್ಮ ಮನೆ ಕಾಗದ ಯಾರು ಓದುತ್ತಾರೆ?

ಓದುತ್ತಾರೆ. ಸರ್ಕಾರದ ದಾಖಲೆಯಲ್ಲಿ ಕಂದಾಯ ಎಷ್ಟು ವಸೂಲಾಯಿತು ಅಂತ ಸಿಗುತ್ತದೆ. ಕಂದಾಯ ಕಟ್ಟಲು ಯಾರ ಮನೆಯ ಒಡವೆ ಅಡ ಇಟ್ಟರು ಅನ್ನೋದು ಸಿಗುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಆಗ ಒಂದು ಸಂಸಾರ ಊರು ಬಿಟ್ಟು ತೋಪಿನಲ್ಲಿ ಗುಡಿಸಲು ಹಾಕಿಕೊಂಡು ಏನು ತಿಂದಿತು, ವಾಪಸ್ ಬಂದಾಗ ಮನೆಯಲ್ಲಿ ಏನು ಉಳಿದಿತ್ತು ಅನ್ನೋದು ಅಕ್ಕನಿಗೆ ತಮ್ಮ ಬರೆದ ಪತ್ರದಲ್ಲಿ ಮಾತ್ರ ಇರುತ್ತದೆ.

ಕಾಗದವನ್ನು ಜೋಪಾನ ಮಾಡಿದ್ದರಿಂದಲೇ ಉಳಿದ ಇತಿಹಾಸಕ್ಕೆ ಶೃಂಗೇರಿ ಮಠದ್ದು ಒಳ್ಳೆಯ ಉದಾಹರಣೆ. 1791ರಲ್ಲಿ ಮರಾಠಾ ಸೈನ್ಯದ ಕಡೆಯವರು ಮಠವನ್ನು ಲೂಟಿ ಮಾಡಿದರು. ಆಮೇಲೆ ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿ ನೆರವು ಕಳಿಸಿದ. ಆ ಪತ್ರಗಳನ್ನು ಮಠ ಇಟ್ಟುಕೊಂಡಿತ್ತು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದ ಮೇಲೆ ಹೊರಗಿನವರಿಗೆ ಗೊತ್ತಾಯಿತು. ನೂರಿಪ್ಪತ್ತೈದು ವರ್ಷ ಅವು ಸುಮ್ನೆ ಒಂದು ಕಡೆ ಇದ್ದವು, ಅಷ್ಟೇ. ಯಾರಾದರೂ ಹಳೇ ಕಾಗದ ಅಂತ ಒಲೆಗೆ ಹಾಕಿದ್ದರೆ ಇವತ್ತು ಆ ವಿಷಯ ಬರೀ ಬಾಯಿಮಾತು ಆಗಿರುತ್ತಿತ್ತು.

ಪೆಟ್ಟಿಗೆ ತೆರೆದಿದ್ದೇವೆ. ಮೊದಲು ಏನು ಮಾಡಬೇಕು?

ಏನನ್ನೂ ವಿಂಗಡಿಸಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಅಜ್ಜನ ಪತ್ರ ಒಂದು ಕಡೆ, ಲೆಕ್ಕದ ಚೀಟಿ ಒಂದು ಕಡೆ, ಜಾತಕ ಒಂದು ಕಡೆ. ಹಾಗೆ ಮಾಡಿದ ಕ್ಷಣಕ್ಕೆ ಒಂದು ದೊಡ್ಡ ಸುಳಿವು ಹೋಗಿಬಿಡುತ್ತದೆ. ಯಾವುದರ ಜೊತೆ ಯಾವುದು ಇತ್ತು ಅನ್ನೋದೇ ಒಂದು ದಾಖಲೆ. ಸಾಲದ ಪತ್ರದೊಳಗೆ ಮಡಚಿಟ್ಟ ಮದುವೆಯ ಲಗ್ನಪತ್ರಿಕೆ ಸಿಕ್ಕರೆ, ಆ ಸಾಲ ಯಾಕೆ ಆಯಿತು ಅಂತ ಊಹಿಸಬಹುದು. ಬೇರೆ ಮಾಡಿದರೆ ಎರಡೂ ಮೂಕ.

ನಮ್ಮ ಕಡೆಯ ಮನೆಗಳಲ್ಲಿ ಬಂದ ಕಾಗದಗಳನ್ನು ಕಬ್ಬಿಣದ ತಂತಿಗೆ ಚುಚ್ಚಿ ತೂಗುಹಾಕುವ ರೂಢಿ ಇತ್ತು. ಕೆಳಗಿನ ಕಾಗದ ಹಳೆಯದು, ಮೇಲಿನದು ಹೊಸದು. ತಾರೀಖು ಇಲ್ಲದ ಕಾರ್ಡಿಗೆ ಮೇಲೆ ಕೆಳಗೆ ಇರುವ ಕಾರ್ಡುಗಳೇ ತಾರೀಖು ಹೇಳುತ್ತವೆ. ಹಾಗಾಗಿ ತಂತಿಯಿಂದ ತೆಗೆಯುವ ಮೊದಲು ಒಂದು ಫೋಟೋ, ಪ್ರತಿ ಕಾಗದಕ್ಕೂ ಹಿಂಭಾಗದ ಮೂಲೆಯಲ್ಲಿ ಮೆತ್ತನೆ ಪೆನ್ಸಿಲ್ಲಿನಲ್ಲಿ ಒಂದು ನಂಬರು. ಬಾಲ್‌ಪೆನ್ ಬೇಡವೇ ಬೇಡ.

ತುಕ್ಕು ಹಿಡಿದ ಗುಂಡುಪಿನ್ನನ್ನು ನಿಧಾನಕ್ಕೆ ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಕ್ಕೆ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಬಿಸಿ ಪ್ಲಾಸ್ಟಿಕ್ಕಿನ ನಡುವೆ ಸಿಕ್ಕಿದ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಮಳೆಗಾಲದಲ್ಲಿ ಥಂಡಿ ಹಿಡಿದ ಕಟ್ಟನ್ನು ಬಿಸಿಲಿಗೆ ಹಾಕುವವರಿದ್ದಾರೆ. ಅದೂ ಬೇಡ, ಶಾಯಿ ಮಾಸುತ್ತದೆ. ನೆರಳಿನಲ್ಲಿ ಗಾಳಿಯಾಡುವ ಕಡೆ ಹರಡಿದರೆ ಸಾಕು.

ಆಮೇಲೆ ಎಲ್ಲದರ ಚಿತ್ರ ತೆಗೆಯಿರಿ. ಎರಡೂ ಮಗ್ಗುಲು, ಲಕೋಟೆ, ಖಾಲಿ ಹಿಂಬದಿ, ಅರಿಶಿನ ಹಚ್ಚಿದ ಮೂಲೆ ಎಲ್ಲ ಬರಬೇಕು. ಓದುವ ಕೆಲಸ ಪೂರ್ತಿ ಈ ಚಿತ್ರದ ಮೇಲೆ ನಡೆಯಲಿ. ಮೂಲ ಕಾಗದವನ್ನು ಮತ್ತೆ ಮತ್ತೆ ಮುಟ್ಟಬಾರದು.

ಬಟ್ಟೆಯ ಮೇಲೆ ಬರೆದ ಕಪ್ಪು ಮಡಿಕೆಗಳು ಸಿಕ್ಕಿವೆ. ಏನು ಅವು?

ಕಡತ ಇರಬೇಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಹಲಗೆಯ ಹಾಗೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅಂದರೆ ಇವತ್ತು ನಿಮ್ಮ ಬೆರಳೂ ಅದನ್ನು ಅಳಿಸಬಲ್ಲದು. ಒರೆಸಬೇಡಿ, ಊದಬೇಡಿ. ಮಡಿಕೆ ಗಟ್ಟಿಯಾಗಿದ್ದರೆ ಎಳೆದು ಬಿಡಿಸಲು ಹೋಗಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಥವಾ ಕೆಳದಿಯ ವಸ್ತುಸಂಗ್ರಹಾಲಯದಂಥ ಕಡೆ, ಇಂಥವನ್ನು ಕಂಡವರ ಹತ್ತಿರ ವಿಚಾರಿಸಿ.

ಅಕ್ಷರವೇ ಓದಲು ಬರುತ್ತಿಲ್ಲ. ಯಾರನ್ನು ಕೇಳಬೇಕು?

ಮೊದಲು ಅದು ಯಾವ ಲಿಪಿ ಅಂತ ಗೊತ್ತು ಮಾಡಿಕೊಳ್ಳಿ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಮನೆತನಗಳಲ್ಲಿ ಮೋಡಿ ಲಿಪಿಯ ಮರಾಠಿ ಕಾಗದ ಜಾಸ್ತಿ. ಕರಾವಳಿಯ ವೈದಿಕರ ಮನೆಗಳಲ್ಲಿ ತಿಗಳಾರಿ ಇರಬಹುದು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆ ಉರ್ದು ಇರುತ್ತದೆ. ಎಷ್ಟೋ ಸಲ ಅದು ಬೇರೆ ಲಿಪಿಯೇ ಅಲ್ಲ, ಶಾನುಭೋಗರ ಕೈಯ ಕೂಡುಬರಹದ ಕನ್ನಡ. ಲೇಖನಿ ಎತ್ತದೆ ಬರೆದದ್ದರಿಂದ ಹಾಗೆ ಕಾಣುತ್ತದೆ.

ಕನ್ನಡವೇ ಆಗಿದ್ದರೆ ನೀವೇ ಕಲಿಯಬಹುದು. ಹೇಗೆ ಶುರುವಾಗುತ್ತದೆ ಅಂತ ಮೊದಲೇ ಗೊತ್ತಿರುವ ಸಾಲುಗಳಿಂದ ಆರಂಭಿಸಿ. 'ತೀರ್ಥರೂಪರವರ ಸನ್ನಿಧಾನಕ್ಕೆ', 'ಮಾಡುವ ಶಿ. ಸಾ. ನಮಸ್ಕಾರಗಳು' (ಶಿ. ಸಾ. ಅಂದರೆ ಶಿರಸಾಷ್ಟಾಂಗ), 'ಉಭಯ ಕುಶಲೋಪರಿ ಸಾಂಪ್ರತ' ಇವು ಎಲ್ಲ ಪತ್ರದಲ್ಲೂ ಬರುತ್ತವೆ. ಆ ಸಾಲುಗಳಲ್ಲಿ ಈ ಕೈ 'ಕ್ಕೆ' ಹೇಗೆ ಬರೆಯುತ್ತದೆ, 'ರ' ಒತ್ತನ್ನು ಎಲ್ಲಿ ಹಾಕುತ್ತದೆ ಅಂತ ನೋಡಿಕೊಂಡು ಒಂದು ಅಕ್ಷರಪಟ್ಟಿ ಮಾಡಿ. ಹಳೇ ಕೈಬರಹದಲ್ಲಿ ಎ-ಏ, ಒ-ಓ ವ್ಯತ್ಯಾಸ ಅನೇಕ ಸಲ ಇರುವುದಿಲ್ಲ. ದೀರ್ಘ ಬಿಟ್ಟುಹೋಗಿರುತ್ತದೆ. ಪದ ಬಿಡಿಸಿ ಬರೆಯುವ ಅಭ್ಯಾಸವೂ ಕಡಿಮೆ. ಜೋರಾಗಿ ಓದಿ. ಕಣ್ಣಿಗೆ ಸಿಗದ ಪದ ಎಷ್ಟೋ ಸಲ ಕಿವಿಗೆ ಸಿಗುತ್ತದೆ.

ಕಂಪ್ಯೂಟರ್ ಓದಿಕೊಡುವುದಿಲ್ಲವೇ?

ಮೊದಲ ಕರಡಿಗೆ ಬಳಸಿ ನೋಡಬಹುದು. ಆದರೆ ತಂತ್ರಾಂಶಕ್ಕೆ ಗೊತ್ತಾಗದ ಕಡೆ ಅದು ಸುಮ್ಮನಿರುವುದಿಲ್ಲ, ಚೆಂದದ ಒಂದು ಪದ ಊಹಿಸಿ ತುಂಬುತ್ತದೆ. ಊರಿನ ಹೆಸರು, ಹಣದ ಮೊತ್ತ, ಸಂಬಂಧದ ಪದಗಳಲ್ಲಿ ಇದು ಅಪಾಯ. ಒಬ್ಬರು ಮೂಲ ನೋಡುತ್ತಾ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪಾದದ್ದನ್ನು ನೋಡುತ್ತಾ ಕೇಳಬೇಕು. ಈ ಹಳೇ ಪದ್ಧತಿಗೆ ಬದಲಿ ಇನ್ನೂ ಬಂದಿಲ್ಲ.

ಪತ್ರದಲ್ಲಿ ಇಸವಿಯೇ ಇಲ್ಲ. ತಾರೀಖು ಹೇಗೆ ಕಂಡುಹಿಡಿಯುವುದು?

ಇದು ನನಗೆ ತುಂಬಾ ಇಷ್ಟದ ಕೆಲಸ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸಂವತ್ಸರದ ಹೆಸರಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಪ್ರಭವ ಅಂದರೆ 1867-68, 1927-28, 1987-88. ಈ ಮೂರನ್ನು ನೆನಪಿಟ್ಟುಕೊಂಡರೆ ಮಿಕ್ಕಿದ್ದನ್ನು ಎಣಿಸಿಕೊಳ್ಳಬಹುದು. ಹಿರಿಯರು ಹೇಳುತ್ತಿದ್ದ ಧಾತು-ಈಶ್ವರದ ಬರ ಹೀಗೇ 1876-78ರ ದೊಡ್ಡ ಬರ ಅಂತ ತಿಳಿಯುತ್ತದೆ.

ಒಂದು ಕಾರ್ಡಿನಲ್ಲಿ 'ಕಾಳಯುಕ್ತಿ ಸಂ. ಆಶ್ವೀಜ ಬ॥' ಅಂತಷ್ಟೇ ಇದೆ ಅಂದುಕೊಳ್ಳಿ. 'ಬ॥' ಅಂದರೆ ಬಹುಳ, ಕೃಷ್ಣಪಕ್ಷ. ಕಾಳಯುಕ್ತಿ 1858-59 ಆಗಬಹುದು, 1918-19 ಆಗಬಹುದು, 1978-79 ಆಗಬಹುದು. ಪೋಸ್ಟ್ ಕಾರ್ಡು ನಮ್ಮ ದೇಶಕ್ಕೆ ಬಂದದ್ದು 1879ರ ಜುಲೈಯಲ್ಲಿ. ಹಾಗಾದರೆ ಮೊದಲನೆಯದು ಹೋಯಿತು. ಕಾರ್ಡಿನ ಮೇಲೆ ಐದನೇ ಜಾರ್ಜ್ ದೊರೆಯ ತಲೆ ಇದ್ದರೆ ಮೂರನೆಯದೂ ಹೋಯಿತು. ಉಳಿದದ್ದು 1918ರ ಅಕ್ಟೋಬರ್ ಕೊನೆ, ನವೆಂಬರ್ ಶುರು. ಒಳಗೆ 'ಮನೆಯಲ್ಲಿ ಎಲ್ಲರಿಗೂ ಜ್ವರ, ನೀರು ಕೊಡುವವರಿಲ್ಲ' ಅಂತ ಇದ್ದರೆ ಅದು ಸುಮ್ನೆ ಜ್ವರ ಅಲ್ಲ, ಆ ವರ್ಷದ ಇನ್‌ಫ್ಲುಯೆಂಜಾ. ಮೂರು ಪದದ ತಾರೀಖಿನಿಂದ ಇಷ್ಟು ದೂರ ಬರಬಹುದು, ನೋಡಿ.

ಶಾಲಿವಾಹನ ಶಕದ ವರ್ಷಕ್ಕೆ 78 ಸೇರಿಸಿ. ಪುಷ್ಯದ ಕೊನೆ, ಮಾಘ, ಫಾಲ್ಗುಣ ಆದರೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆಗ 79. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷಕ್ಕೆ ಸುಮಾರು 590 ಸೇರಿಸಬೇಕು. ಅಂಚೆಯ ಗುರುತುಗಳೂ ಸಹಾಯಕ್ಕೆ ಬರುತ್ತವೆ. ಮೈಸೂರು ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿತು. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರಲ್ಲಿ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು.

ನೀವು ಕಂಡುಹಿಡಿದ ತಾರೀಖನ್ನು ಚೌಕ ಕಂಸದಲ್ಲಿ ಹಾಕಿ, ಹೇಗೆ ಗೊತ್ತಾಯಿತು ಅಂತ ಒಂದು ಸಾಲು ಬರೆಯಿರಿ. ಬರೆದವರೇ ಹಾಕಿದ ತಾರೀಖಿಗೂ ನೀವು ಹಾಕಿದ್ದಕ್ಕೂ ವ್ಯತ್ಯಾಸ ಕಾಣಲೇಬೇಕು.

ಕಾಗುಣಿತದ ತಪ್ಪು ತಿದ್ದಬಹುದೇ? ಅಜ್ಜಿಯ ಮರ್ಯಾದೆ ಪ್ರಶ್ನೆ ಇದು.

ಅಜ್ಜಿಯ ಮರ್ಯಾದೆ ಕಾಗುಣಿತದಲ್ಲಿಲ್ಲ. ಶಾಲೆಗೆ ಕಳಿಸದೆ ಇದ್ದರೂ ತಮ್ಮನ ಸ್ಲೇಟು ನೋಡಿ ಅಕ್ಷರ ಕಲಿತು, ತವರಿಗೆ ತಾನೇ ಕಾಗದ ಬರೆದಳಲ್ಲ, ಮರ್ಯಾದೆ ಇರುವುದು ಅಲ್ಲಿ. 'ಯಿಲ್ಲಿ ಯೆಲ್ಲಾರೂ ಕ್ಷೇಮ' ಅನ್ನೋದನ್ನು 'ಇಲ್ಲಿ ಎಲ್ಲರೂ ಕ್ಷೇಮ' ಮಾಡಿದರೆ ಆಕೆಯ ದನಿ ಹೋಯಿತು. ಆ ಸೀಮೆಯ ಮಾತು ಆಗ ಹೇಗಿತ್ತು ಅಂತ ತಿಳಿಯುವ ದಾರಿಯೂ ಮುಚ್ಚಿತು.

ಆಡಮ್ಸ್ ಮನೆತನದ ವಿಷಯ ಇಲ್ಲಿ ಹೇಳಬೇಕು. ಜಾನ್ ಆಡಮ್ಸ್ ಅಮೆರಿಕದ ಎರಡನೇ ಅಧ್ಯಕ್ಷ, ಮಗ ಜಾನ್ ಕ್ವಿನ್ಸಿ ಆಡಮ್ಸ್ ಆರನೆಯವರು. ಜಾನ್ ಮತ್ತು ಹೆಂಡತಿ ಅಬಿಗೇಲ್ ನಡುವಿನ ಸಾವಿರದ ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅಬಿಗೇಲ್ ಶಾಲೆಗೆ ಹೋದವರಲ್ಲ. ತಮ್ಮ ಕಾಗುಣಿತದ ಬಗ್ಗೆ ಅವರಿಗೇ ಸಂಕೋಚ ಇತ್ತು. ಪತ್ರಗಳನ್ನು ಸುಟ್ಟುಬಿಡಿ ಅಂತ ಗಂಡನಿಗೆ ಬರೆದದ್ದೂ ಉಂಟು. ಪುಣ್ಯಕ್ಕೆ ಆತ ಸುಡಲಿಲ್ಲ. ಮೊಮ್ಮಗ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ 1840ರಲ್ಲಿ ಅಜ್ಜಿಯ ಪತ್ರಗಳ ಪುಸ್ತಕ ತಂದರು. ಮುಂದೆ 1876ರಲ್ಲಿ ಗಂಡ ಹೆಂಡತಿ ಇಬ್ಬರ ಪತ್ರಗಳನ್ನು ಸೇರಿಸಿ ಇನ್ನೊಂದು ತಂದರು. ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ಕಾಗುಣಿತ ತಿದ್ದಿದರು, ಮನೆಯೊಳಗಿನ ವಿಷಯ ಅನ್ನಿಸಿದ್ದನ್ನು ಕೈಬಿಟ್ಟರು. ಓದುಗರಿಗೆ ಸಿಕ್ಕದ್ದು ಒಗೆದು ಇಸ್ತ್ರಿ ಮಾಡಿದ ಅಬಿಗೇಲ್.

ಮೂಲ ಕಾಗದಗಳು ಮನೆತನದ ಕೈಯಲ್ಲೇ ಇದ್ದವು, 1905ರಿಂದ ಒಂದು ಕೌಟುಂಬಿಕ ಟ್ರಸ್ಟಿನ ಹೆಸರಲ್ಲಿ. 1950ರ ದಶಕದಲ್ಲಿ ಎಲ್ಲವನ್ನೂ ಮೈಕ್ರೋಫಿಲ್ಮ್ ಮಾಡಿದರು, 608 ರೀಲು ಆಯಿತು. 1956ರಲ್ಲಿ ಕಾಗದಗಳನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಇತಿಹಾಸ ಸಂಘಕ್ಕೆ ಕೊಟ್ಟರು. 1961ರಿಂದ ಸಂಪಾದಕರ ತಂಡವೊಂದು ಬರೆದದ್ದು ಬರೆದ ಹಾಗೆ ಸಂಪುಟ ತರುತ್ತಾ ಬಂದಿದೆ. ಆಗ ನಿಜವಾದ ಅಬಿಗೇಲ್ ಹೊರಗೆ ಬಂದರು. ಮೊಮ್ಮಗ ತಿದ್ದಿದರೂ ಮೂಲವನ್ನು ಹಾಳು ಮಾಡಲಿಲ್ಲ, ಅದಕ್ಕೇ ಇದೆಲ್ಲ ಸಾಧ್ಯವಾಯಿತು.

ನಿಮ್ಮ ಪುಸ್ತಕಕ್ಕೆ ನನ್ನ ಸಲಹೆ ಇಷ್ಟು. ಪದ, ಕಾಗುಣಿತ ಇದ್ದ ಹಾಗೇ ಇರಲಿ. ಪದಗಳ ನಡುವೆ ಜಾಗ ಬಿಡಬಹುದು, ಪೂರ್ಣವಿರಾಮ ಹಾಕಬಹುದು. ಹಾಗೆ ಮಾಡಿದ್ದೇವೆ ಅಂತ ಮುನ್ನುಡಿಯಲ್ಲಿ ಹೇಳಬೇಕು. ಓದಲಾಗದ ಕಡೆ ಚುಕ್ಕಿ ಇಟ್ಟು 'ಒಂದು ಪದ ಅಳಿಸಿದೆ' ಅಂತ ಕಂಸದಲ್ಲಿ ಬರೆಯಿರಿ. ಬರೆದವರೇ ಹೊಡೆದುಹಾಕಿದ ಪದ ಓದಲು ಸಿಕ್ಕರೆ ಅದನ್ನೂ ಕೊಡಿ. ಸಿಟ್ಟಿನಲ್ಲಿ ಬರೆದು ಆಮೇಲೆ ಹೊಡೆದುಹಾಕಿದ್ದು ಮುಖ್ಯ ಅಲ್ವಾ?

ಎಲ್ಲ ಪತ್ರ ಹಾಕಬೇಕೇ, ಆಯ್ದು ಹಾಕಿದರೆ ಸಾಕೇ?

ಆಯ್ದು ಹಾಕಬಹುದು. ಆದರೆ ಒಂದು ಪತ್ರ ಹಾಕುವುದಾದರೆ ಪೂರ್ತಿ ಹಾಕಿ. ಅಬಿಗೇಲ್ 1776ರ ಮಾರ್ಚ್ 31ರಂದು ಬರೆದ ಪತ್ರ ಲೋಕಕ್ಕೆಲ್ಲ ಗೊತ್ತು. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಅಂತ ಗಂಡನಿಗೆ ಹೇಳಿದ್ದು ಅದರಲ್ಲೇ. ಅದೇ ಪತ್ರದಲ್ಲಿ ಬ್ರಿಟಿಷ್ ಸೈನ್ಯ ಬಿಟ್ಟುಹೋದ ಮೇಲೆ ತಮ್ಮ ಬಾಸ್ಟನ್ ಮನೆ ಎಷ್ಟು ಕೊಳಕಾಗಿತ್ತು ಅಂತ ಇದೆ. ನೆರೆಮನೆಯ ಮಕ್ಕಳು ರೋಗದಿಂದ ಸತ್ತದ್ದಿದೆ. ಸಾಬೂನು ಮಾಡಿ ಮುಗಿದ ಮೇಲೆ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು ಮಾಡಿ ನೋಡುತ್ತೇನೆ, ಮನೆಮಂದಿಗೆ ಬಟ್ಟೆ ಹೊಂದಿಸುವುದೇ ಸಾಕುಸಾಕಾಗಿದೆ ಅಂತಲೂ ಇದೆ. ಹೆಂಗಸರ ಮಾತು ಅಷ್ಟನ್ನೇ ಕತ್ತರಿಸಿ ತೆಗೆದರೆ ಅದು ಭಾಷಣದ ಸಾಲು. ಇಷ್ಟೆಲ್ಲ ಕೆಲಸದ ನಡುವೆ ಬರೆದದ್ದು ಅಂತ ಗೊತ್ತಾದಾಗ ಅದರ ತೂಕವೇ ಬೇರೆ.

ಹಾಗೇ ನಮ್ಮಲ್ಲೂ. 'ಅಡಿಕೆ ಕೊಯಿಲು ಮುಗಿದಿಲ್ಲ, ಗೌರಿ ಈಯ್ದಿದೆ' ಅನ್ನುವ ಸಾಲನ್ನು ಮುಖ್ಯ ಅಲ್ಲ ಅಂತ ಬಿಡಬೇಡಿ. ಬಿಟ್ಟ ಪತ್ರಗಳ ಪಟ್ಟಿ ಪುಸ್ತಕದ ಕೊನೆಗೆ ಇರಲಿ. ತಾರೀಖು, ಯಾರಿಂದ ಯಾರಿಗೆ, ಒಂದು ಸಾಲಿನ ಸಾರಾಂಶ, ಇಷ್ಟು ಸಾಕು.

ಹೆಂಗಸರು ಬರೆದ ಪತ್ರಗಳೇ ಇಲ್ಲವಲ್ಲ?

ಇರುತ್ತವೆ, ಬೇರೆ ಪೆಟ್ಟಿಗೆಯಲ್ಲಿ. ನಿಮ್ಮ ಮನೆಯ ಟ್ರಂಕಿನಲ್ಲಿರುವುದು ನಿಮ್ಮ ಮನೆಗೆ ಬಂದ ಕಾಗದ. ನಿಮ್ಮ ಮನೆಯವರು ಬರೆದದ್ದು ಹೋದ ಕಡೆ ಇದೆ. ಜಾನ್ ಆಡಮ್ಸ್ 1776ರ ಜೂನ್‌ನಲ್ಲಿ ದೊಡ್ಡ ಖಾಲಿ ಪುಸ್ತಕ ಕೊಂಡು, ತಾವು ಬರೆಯುವ ಪತ್ರಗಳ ನಕಲು ಇಡಲು ಶುರು ಮಾಡಿದ್ದರು. ನಮ್ಮ ಮನೆಗಳಲ್ಲಿ ವ್ಯವಹಾರದ ಪತ್ರಕ್ಕೆ ಹಾಗೆ ನಕಲು ಇಟ್ಟದ್ದುಂಟು, ಮನೆವಾರ್ತೆಯ ಪತ್ರಕ್ಕೆ ಕಡಿಮೆ. ಹಾಗಾಗಿ ಮಗಳನ್ನು ಕೊಟ್ಟ ಮನೆಗಳಿಗೆ ಹೋಗಿ, ಸೊಸೆ ತಂದ ಮನೆಗಳಿಗೆ ಹೋಗಿ. ಮುತ್ತಜ್ಜಿಯ ಪತ್ರ ಆಕೆಯ ತವರಿನವರ ಅಟ್ಟದಲ್ಲಿರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಖಾಲಿ ಜಾಗದ ಬಗ್ಗೆ ಗಮನ ಇರಲಿ. ಸಾವಿನ ಸುದ್ದಿ ತಂದ ಕಾರ್ಡನ್ನು ಮನೆಯಲ್ಲಿ ಇಡಬಾರದು ಅಂತ ಎಷ್ಟೋ ಕಡೆ ಓದಿದ ಕೂಡಲೇ ಹರಿದುಹಾಕುತ್ತಿದ್ದರು. ಅದಕ್ಕೇ ಸಂಗ್ರಹದಲ್ಲಿ ಮದುವೆಗಳು ತುಂಬಿರುತ್ತವೆ, ಸಾವುಗಳೇ ಇರುವುದಿಲ್ಲ. ಅವು ಬೇರೆ ರೀತಿಯಲ್ಲಿ ಗೊತ್ತಾಗುತ್ತವೆ. ಒಂದು ವರ್ಷದ ಪತ್ರದಲ್ಲಿ ಅತ್ತಿಗೆಯ ಹೆಸರಿನ ಹಿಂದೆ 'ಸೌ.' (ಸೌಭಾಗ್ಯವತಿ) ಇದೆ, ಮುಂದಿನ ವರ್ಷದ್ದರಲ್ಲಿ 'ಗಂ. ಭಾ.' (ಗಂಗಾ ಭಾಗೀರಥಿ, ವಿಧವೆಯ ಹೆಸರಿಗೆ ಹಾಕುತ್ತಿದ್ದದ್ದು) ಆಗಿದೆ. ನಡುವೆ ಗಂಡ ತೀರಿಕೊಂಡಿದ್ದಾನೆ. ಅದನ್ನು ಹೇಳುವ ಕಾಗದ ಒಂದೂ ಇಲ್ಲ, ಈ ಎರಡಕ್ಷರ ಬಿಟ್ಟರೆ. ಇಂಥ ಗುರುತುಗಳನ್ನು 'ಗೌರವಸೂಚಕ' ಅಂತ ಹೇಳಿ ಅಚ್ಚಿನಲ್ಲಿ ಬಿಟ್ಟ ಪುಸ್ತಕ ನೋಡಿದಾಗ ಸಂಕಟವಾಗುತ್ತದೆ.

ಯಾರು ಯಾರು ಅಂತಲೇ ತಿಳಿಯುತ್ತಿಲ್ಲ.

ಟೈಪ್ ಮಾಡುವ ಮೊದಲೇ ಒಂದು ಹೆಸರುಪಟ್ಟಿ ಶುರು ಮಾಡಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಯಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುತ್ತಾರೆ. ಉತ್ತರ ಕರ್ನಾಟಕದ ಕೆಲವು ಮನೆತನಗಳಲ್ಲಿ ಮದುವೆಯಾದ ಮೇಲೆ ಹೆಣ್ಣಿನ ಹೆಸರೇ ಬದಲಾಗುತ್ತಿತ್ತು. ತವರಿನ ಪತ್ರದ ಹುಡುಗಿ, ಗಂಡನ ಮನೆಯ ಪತ್ರದ ಸೊಸೆ ಒಬ್ಬಳೇ ಅಂತ ಹೊಂದಿಸಬೇಕು. ಸಂಬಂಧದ ಪದಗಳನ್ನಂತೂ ನಂಬಲೇಬೇಡಿ. ಎಷ್ಟೋ ಮನೆಗಳಲ್ಲಿ ಅಪ್ಪನನ್ನೇ 'ಅಣ್ಣ' ಅಂತ ಕರೆಯುತ್ತಿದ್ದರು, ಚಿಕ್ಕಪ್ಪಂದಿರು ಕರೆಯುವುದನ್ನು ಕೇಳಿ ಮಕ್ಕಳೂ ಹಾಗೇ ಕರೆದದ್ದು. 'ಅಣ್ಣ ನಿನ್ನೆ ಬಂದರು' ಅನ್ನೋದಕ್ಕೆ 'ಲೇಖಕರ ಹಿರಿಯ ಸಹೋದರ' ಅಂತ ಟಿಪ್ಪಣಿ ಹಾಕಿದರೆ ಇಡೀ ಪತ್ರ ತಲೆಕೆಳಗಾಗುತ್ತದೆ.

ಎಂಬತ್ತು ದಾಟಿದ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಈ ವಾರವೇ ಹೋಗಿ. ಪಟ್ಟಿ ಓದಿ ಹೇಳಿ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಪತ್ರಗಳು ಇನ್ನೂ ಹತ್ತು ವರ್ಷ ಕಾಯುತ್ತವೆ, ಇದು ಕಾಯುವುದಿಲ್ಲ.

ಟಿಪ್ಪಣಿ ಎಷ್ಟು ಕೊಡಬೇಕು?

ಓದುಗ ಎಲ್ಲಿ ನಿಲ್ಲುತ್ತಾನೋ ಅಲ್ಲಿ. ಖಂಡುಗ, ಕೊಳಗ, ವರಹ, ಆಣೆ, ಪೈ ಇವಕ್ಕೆ ಒಂದು ಕೋಷ್ಟಕ ಸಾಕು. ಅಳತೆಗಳು ಸೀಮೆಯಿಂದ ಸೀಮೆಗೆ ಬೇರೆ ಅನ್ನೋದು ನೆನಪಿರಲಿ. ಗಾಂಧೀಜಿ ಯಾರು ಅಂತ ಟಿಪ್ಪಣಿ ಬೇಡ. ಊರಿನ ಡಾಕ್ಟರು ಯಾರು ಅಂತ ಬೇಕು.

'ಆ ಪತ್ರ ಹಾಕಬೇಡ' ಅಂತ ದಾಯಾದಿಗಳು ಹೇಳುತ್ತಿದ್ದಾರೆ. ಏನು ಮಾಡಲಿ?

ಎಲ್ಲ ಮನೆಯಲ್ಲೂ ಇದು ಬರುತ್ತದೆ. ದತ್ತು, ಆಸ್ತಿ ಜಗಳ, ಎರಡನೇ ಸಂಬಂಧ, ಮನೆ ಬಿಟ್ಟು ಹೋದ ಮಗ, ತಲೆ ಸರಿಯಿಲ್ಲದ ಅತ್ತೆ. ಬದುಕಿರುವವರಿಗೆ ನೋವಾಗುವುದಾದರೆ ಸದ್ಯಕ್ಕೆ ತಡೆಹಿಡಿಯಿರಿ, ತಪ್ಪಿಲ್ಲ. ಆದರೆ ಎರಡು ಮಾತು. ಮೂಲವನ್ನು ಸುಡಬೇಡಿ. ಮತ್ತು 'ಇಲ್ಲಿ ಇಷ್ಟು ಸಾಲು ಬಿಟ್ಟಿದೆ' ಅಂತ ಆ ಜಾಗದಲ್ಲೇ ಬರೆಯಿರಿ. ಬಿಟ್ಟದ್ದನ್ನು ಬಿಟ್ಟಿದ್ದೇನೆ ಅಂತ ಹೇಳುವ ಸಂಪಾದಕನನ್ನು ಓದುಗ ನಂಬುತ್ತಾನೆ. ಗುಟ್ಟಾಗಿ ಅಂಚು ಸೇರಿಸಿ ಹೊಲಿದವನನ್ನು ಒಂದು ಸಲ ಹಿಡಿದರೆ ಇಡೀ ಪುಸ್ತಕವನ್ನೇ ಅನುಮಾನದಿಂದ ನೋಡುತ್ತಾನೆ. ಬೇಕಾದರೆ ಆ ಪತ್ರಗಳನ್ನು ಒಂದು ಸಂಸ್ಥೆಯಲ್ಲಿ ಮುಚ್ಚಿದ ಲಕೋಟೆಯಲ್ಲಿಟ್ಟು, ಇಂಥ ವರ್ಷದವರೆಗೆ ತೆರೆಯಬಾರದು ಅಂತ ಷರತ್ತು ಹಾಕಬಹುದು.

ಜೀತದ ಪತ್ರ, ಗೇಣಿ ಚೀಟಿ, ಜಾತಿ ಹೆಸರು ಹಿಡಿದು ಬೈದ ಸಾಲು ಇದೆ. ಇವನ್ನು ಬಿಟ್ಟರೆ ಒಳ್ಳೆಯದಲ್ಲವೇ?

ಯಾರಿಗೆ ಒಳ್ಳೆಯದು? ಸಾಲಕ್ಕೆ ಒಬ್ಬ ಮನುಷ್ಯ ತನ್ನ ದುಡಿಮೆ ಬರೆದುಕೊಟ್ಟ ಪತ್ರ ನಿಮ್ಮ ಪೆಟ್ಟಿಗೆಯಲ್ಲಿದ್ದರೆ, ಅವನ ಮನೆತನಕ್ಕೆ ಸಂಬಂಧಪಟ್ಟ ಒಂದೇ ಒಂದು ಹಳೇ ಕಾಗದ ಅದಾಗಿರಬಹುದು. ಅವನಿಗೆ ಅಟ್ಟವೂ ಇರಲಿಲ್ಲ, ಟ್ರಂಕೂ ಇರಲಿಲ್ಲ. ಅವನ ಹೆಬ್ಬೆಟ್ಟಿನ ಗುರುತು ಇರುವುದು ನಿಮ್ಮಲ್ಲಿ. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ 1976ರದ್ದು. ಆ ಮನೆಯವರು ಈಗಲೂ ಅದೇ ಊರಿನಲ್ಲಿರಬಹುದು. ಅಚ್ಚಿಗೆ ಕೊಡುವ ಮೊದಲು ಅವರಿಗೆ ತೋರಿಸಿ, ಚಿತ್ರದ ಪ್ರತಿ ಕೊಡಿ, ಹೆಸರು ಹಾಕಬಹುದೇ ಅಂತ ಕೇಳಿ. ಬೇಡ ಅಂದರೆ ಹೆಸರು ತೆಗೆಯಿರಿ, ಪತ್ರವನ್ನಲ್ಲ. ಬೈಗುಳದ ಪದ ಬಂದರೆ ನಮ್ಮ ಹಿರಿಯರು ಬರೆದದ್ದು ಅಂತ ಒಪ್ಪಿಕೊಂಡೇ ಹಾಕಬೇಕು, ಮುನ್ನುಡಿಯಲ್ಲಿ ಓದುಗರಿಗೆ ಮೊದಲೇ ತಿಳಿಸಬೇಕು. ಹಿರಿಯರ ದಾನಧರ್ಮದ ಕಾಗದ ಮಾತ್ರ ಆರಿಸಿ ಹಾಕುವ ಪುಸ್ತಕ ಮನೆತನದ ಜಾಹೀರಾತು ಆಗುತ್ತದೆ.

ಕಾಗದ ನಮ್ಮ ಹತ್ತಿರ ಇದೆ. ಪ್ರಕಟಿಸುವ ಹಕ್ಕೂ ನಮ್ಮದೇ ತಾನೇ?

ಹಾಗೇನಿಲ್ಲ. ಕಾಗದ ಬಂದವರದು, ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಬರೆದವರು ತೀರಿಕೊಂಡ ಮೇಲೆ 60 ವರ್ಷ ಅನ್ನೋದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಆ ಲೆಕ್ಕ ಬೇರೆ. ಮೊದಲು ಪ್ರಕಟವಾದ ವರ್ಷದಿಂದ 60 ವರ್ಷ ಎಣಿಸುತ್ತಾರೆ. ಹಾಗಾಗಿ 'ತುಂಬಾ ಹಳೇದು, ಯಾರ ಹಕ್ಕೂ ಇಲ್ಲ' ಅಂತ ಅಂದುಕೊಳ್ಳಬೇಡಿ. ಸಿಗುವ ವಾರಸುದಾರರಿಂದ ಒಂದೊಂದು ಪುಟದ ಒಪ್ಪಿಗೆಪತ್ರ ತೆಗೆದುಕೊಳ್ಳಿ. ಹೆಸರಾಂತ ಸಾಹಿತಿಯೋ ರಾಜಕಾರಣಿಯೋ ನಿಮ್ಮ ಅಜ್ಜನಿಗೆ ಬರೆದ ಪತ್ರವಾದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಕೋರ್ಟಿನಲ್ಲಿರುವ ಜಮೀನಿನ ಕಾಗದವನ್ನು ಸದ್ಯಕ್ಕೆ ಮುಟ್ಟಬೇಡಿ.

ಟೈಪಿಂಗ್, ಅಚ್ಚು, ಐಎಸ್‌ಬಿಎನ್ ಬಗ್ಗೆ ಸ್ವಲ್ಪ ಹೇಳಿ.

ಮೊದಲ ದಿನದಿಂದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಡಿಟಿಪಿಯವರು ಹಳೇ ನುಡಿ ಫಾಂಟಿನಲ್ಲಿ ಮಾಡಿಕೊಟ್ಟರೆ ಪುಸ್ತಕವೇನೋ ಬರುತ್ತದೆ, ಆದರೆ ಆ ಫೈಲಿನಲ್ಲಿ ಆಮೇಲೆ ಒಂದು ಹೆಸರು ಹುಡುಕಲೂ ಕಷ್ಟ. ಐಎಸ್‌ಬಿಎನ್ ಅನ್ನು, ಅಂದರೆ ಪುಸ್ತಕದ ಗುರುತಿನ ನಂಬರನ್ನು, ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುತ್ತದೆ, ಅದಕ್ಕೆ ದುಡ್ಡಿಲ್ಲ. 1954ರ ಕಾಯ್ದೆ ಪ್ರಕಾರ ಪ್ರಕಾಶಕರು ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಮನೆಮಂದಿಗೆ ಹಂಚುವ ಪುಸ್ತಕ ಅಂತ ಇದನ್ನು ಬಿಡಬೇಡಿ. ನಿಮ್ಮ ಮೊಮ್ಮಕ್ಕಳಿಗೆ ಪ್ರತಿ ಸಿಗುವುದು ಅಲ್ಲೇ ಆಗಬಹುದು. ಹೆಸರು ಮತ್ತು ಊರುಗಳ ಸೂಚಿ ಇಲ್ಲದೆ ಮಾತ್ರ ಅಚ್ಚಿಗೆ ಕಳಿಸಬೇಡಿ. ಸಂಶೋಧಕರು ಮೊದಲು ತೆರೆಯುವ ಪುಟ ಅದು.

ನಾನು ಅಮೆರಿಕದಲ್ಲಿದ್ದೇನೆ. ಪುಸ್ತಕ ಆದ ಮೇಲೆ ಮೂಲ ಕಾಗದಗಳನ್ನು ನನ್ನ ಹತ್ತಿರ ತಂದಿಟ್ಟುಕೊಳ್ಳಬಹುದೇ?

ಕಾನೂನು ನೋಡಿಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ, ಚಾರಿತ್ರಿಕ ಅಥವಾ ಸಾಹಿತ್ಯಕ ಮಹತ್ವ ಇರುವ, 75 ವರ್ಷಕ್ಕಿಂತ ಹಳೆಯ ಹಸ್ತಪ್ರತಿ ಕೂಡ ಪುರಾತನ ವಸ್ತು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಇಟ್ಟು ತರುವ ಯೋಚನೆ ಬಿಡಿ. ಚಿತ್ರಗಳು ನಿಮ್ಮ ಹತ್ತಿರ ಇರಲಿ, ಕನಿಷ್ಠ ಮೂರು ಜಾಗದಲ್ಲಿ ಪ್ರತಿ ಇರಲಿ.

ಮೂಲಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನೋ, ಮೇಲೆ ಹೇಳಿದ ಸಂಸ್ಥೆಗಳನ್ನೋ ವಿಚಾರಿಸಿ. ಕೊಡುವಾಗ ಬರವಣಿಗೆಯಲ್ಲಿ ಒಪ್ಪಂದ ಆಗಲಿ. ಯಾವ ಪೆಟ್ಟಿಗೆ, ಎಷ್ಟು ಕಾಗದ, ಯಾವ ನಂಬರಿನಿಂದ ಯಾವ ನಂಬರಿನವರೆಗೆ, ಯಾರು ನೋಡಬಹುದು, ಮನೆಯವರು ಬಂದರೆ ತೋರಿಸುತ್ತಾರೋ ಇಲ್ಲವೋ, ಎಲ್ಲ ಅದರಲ್ಲಿ ಬರಬೇಕು. ಪೆನ್ಸಿಲ್ಲಿನ ನಂಬರು ಹಾಕಿದ ಪಟ್ಟಿಯ ಒಂದು ಪ್ರತಿಗೆ ಅವರ ರುಜು ಮತ್ತು ಮೊಹರು ಹಾಕಿಸಿಕೊಂಡು ಬನ್ನಿ.